ಅಪ್‌ಡೇಟ್: ಕೆಂಗೇರಿಯ ತೊಟ್ಟಿ ಮನೆ ಮಾರಾಟ

ಮುತ್ತಜ್ಜನ ಕಾಲದ ತೊಟ್ಟಿ ಮನೆ ಮಾರೋಕೆ ಅತ್ತೆಯಂದಿರ ಸಹಿ ಬೇಕಾ ಅಂತ ಕೇಳಿದ್ದೆನಲ್ಲ, ಬೇಕೇ ಬೇಕಂತೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಪ್ರಕಾರ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು. ಅಜ್ಜ ಅದಕ್ಕೂ ಮುಂಚೆ ತೀರಿಕೊಂಡಿದ್ದರೂ ಅಷ್ಟೇ, 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ವಿಭಾಗಪತ್ರ ಇದ್ದಿದ್ದರೆ ಕಥೆ ಬೇರೆ. ನಮ್ಮಲ್ಲಿ ಆಗಿದ್ದದ್ದು ಬರೀ ಬಾಯಿಮಾತಿನ ಪಾಲು!

ವಂಶವೃಕ್ಷ, ಇಸಿ (ಆಸ್ತಿ ಮೇಲೆ ಸಾಲ-ಋಣ ಇದೆಯಾ ಅಂತ ತೋರಿಸೋ ಪತ್ರ) ಕೈಗೆ ಬಂದಿವೆ. ಆಸ್ತಿಯ ಡಿಜಿಟಲ್ ದಾಖಲೆಯಾದ ಇ-ಖಾತಾದಲ್ಲಿ ಅಜ್ಜನ ಹೆಸರು ತಪ್ಪಾಗಿದೆ, ಅದೊಂದು ಓಡಾಟ ಬಾಕಿ. ನೋಡೋಕೆ ಬಂದವರು ಸೈಟಿನ ಅಳತೆ ಹಿಡಿದರೇ ಹೊರತು ತೊಟ್ಟಿಯ ಕಂಬಗಳತ್ತ ತಿರುಗಿಯೂ ನೋಡಲಿಲ್ಲ. ಹೊಟ್ಟೆ ಉರೀತು.

ದೊಡ್ಡತ್ತೆ ಸಹಿಗೆ ಒಪ್ಪಿದ್ದಾರೆ. ಒಂದೇ ಷರತ್ತು, ಒರಳುಕಲ್ಲು ಅವರಿಗಂತೆ. ಅಡುಗೆಮನೆ ನೆಲದಲ್ಲಿ ಹೂತಿರೋ ಕಲ್ಲು. ಭಾನುವಾರ ಹಾರೆ ಹಿಡಿದು ಹೋಗ್ತಿದ್ದೀನಿ.