ಪದಚರ್ಚೆ: ವಿಮಾನ ಇಳಿಸುವಾಗಿನ ‘ಫ್ಲೇರ್’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಆಡುವ ಹೊಸಬರಿಗಾಗಿ ಕನ್ನಡದಲ್ಲಿ ಕಿರು ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಸೆಸ್ನಾ 172 ಎಂಬ ಪುಟ್ಟ ವಿಮಾನ ಇಳಿಸುವ ಅಧ್ಯಾಯದಲ್ಲಿ ‘ಫ್ಲೇರ್’ (ನೆಲ ಮುಟ್ಟುವ ಮುನ್ನ ಮೂತಿ ತುಸು ಏರಿಸಿ ಇಳಿತ ತಗ್ಗಿಸುವುದು) ಎಂಬಲ್ಲಿ ತೊಡಕಾಗಿದೆ. ನಿಘಂಟು ತೆರೆದರೆ ಭುಗಿಲು, ಜ್ವಾಲೆ ಎಂದಿದೆ, ಇಲ್ಲಿಗೆ ಹೊಂದುವುದಿಲ್ಲ. ಸದ್ಯಕ್ಕೆ ‘ಮೂತಿ ಎತ್ತುವುದು’ ಎಂದು ಹಾಕಿದೆ. ಫ್ಲೋಟ್, ಬಲೂನ್, ಬೌನ್ಸ್‌ಗಳಿಗೂ ಪದ ಬೇಕು. ಬಲ್ಲವರು ತಿಳಿಸಿ.

ಉತ್ತರ 1:

‘ಮೂತಿ ಎತ್ತುವುದು’ ದಯವಿಟ್ಟು ಬೇಡ. ಹೊಸಬರು ಓದಿದ್ದನ್ನೇ ಮಾಡುತ್ತಾರೆ. ರನ್‌ವೇ ಹತ್ತಿರವಾದೊಡನೆ ಜಾಯ್‌ಸ್ಟಿಕ್ ಎಳೆಯುತ್ತಾರೆ, ವಿಮಾನ ಮತ್ತೆ ಮೇಲೇಳುತ್ತದೆ, ವೇಗ ಕರಗುತ್ತದೆ, ಹತ್ತು ಹದಿನೈದು ಅಡಿಯಿಂದ ಧೊಪ್ಪನೆ ಕುಕ್ಕುತ್ತದೆ. ಮೂತಿ ಏಳುವುದು ಸಾಧನ ಮಾತ್ರ, ಮಾಡಬೇಕಾದದ್ದು ಇಳಿಯುವ ರಭಸ ತಗ್ಗಿಸುವುದು.

ನನ್ನ ಸಲಹೆ ‘ಹಿಡಿದಿಳಿಸು’. ಸೊಂಟದ ಮೇಲಿನ ತುಂಬಿದ ಕೊಡವನ್ನು ನೆಲಕ್ಕಿಡುವಾಗ ಈ ಮಾತು ಬಳಸುತ್ತೇವಲ್ಲ, ವಿಮಾನದಲ್ಲಿ ನಡೆಯುವುದೂ ಅದೇ. ಪೂರ್ತಿ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಬಾಗುವ ಹಲಗೆ) ಬಿಟ್ಟು 65 ನಾಟ್ (ಗಂಟೆಗೆ ಸುಮಾರು 120 ಕಿ.ಮೀ.) ವೇಗದಲ್ಲಿ, ಇಳಿಜಾರು ಸರಿಯಿದೆಯೇ ಎಂದು ತೋರಿಸುವ ರನ್‌ವೇ ಪಕ್ಕದ ಪಾಪಿ ದೀಪಗಳು ಎರಡು ಬಿಳಿ ಎರಡು ಕೆಂಪು ಕಾಣುವಂತೆ ಬಂದರೆ ಇಳಿತ ನಿಮಿಷಕ್ಕೆ ಸುಮಾರು 325 ಅಡಿ ಇರುತ್ತದೆ (3 ಡಿಗ್ರಿ ಇಳಿಜಾರಿಗೆ ನೆಲವೇಗದ ಐದು ಪಟ್ಟು ಎಂಬ ಲೆಕ್ಕ). ರನ್‌ವೇಯ ಹೊಸಿಲು ದಾಟಿ 15–20 ಅಡಿಗೆ ಬಂದಾಗ ಥ್ರಾಟಲನ್ನು (ಎಂಜಿನ್ ಬಲ ಹೆಚ್ಚು ಕಡಿಮೆ ಮಾಡುವ ಹಿಡಿ) ನಿಧಾನಕ್ಕೆ ಪೂರ್ತಿ ಹಿಂದಕ್ಕೆ ತರಬೇಕು, ನೋಟವನ್ನು ರನ್‌ವೇಯ ಆಚೆ ತುದಿಗೆ ಹಾಕಬೇಕು. ವಿಮಾನ ನೆಲಕ್ಕೆ ಸಮಾನಾಂತರವಾದ ಮೇಲೆ, ಅದು ಕುಸಿಯತೊಡಗಿದಾಗಲೆಲ್ಲ ಕೂದಲೆಳೆಯಷ್ಟು ಮತ್ತೆ ಎಳೆಯುತ್ತ ಹೋಗಬೇಕು. ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು) ಎಚ್ಚರಿಕೆಯ ಸದ್ದು ಕೇಳಿಸುವ ಹೊತ್ತಿಗೆ ಹಿಂದಿನ ಎರಡು ಚಕ್ರ ನೆಲ ಮುಟ್ಟಿದರೆ ಸರಿಯಾಗಿ ಇಳಿದಂತೆ. ಮುಂದಿನ ಚಕ್ರ ಆಮೇಲೆ ತಾನಾಗಿ ಕೂರಲಿ.

ಫ್ಲೋಟ್‌ಗೆ ‘ತೇಲು’ ಸಾಕು, ಆದರೆ ವಿಮಾನ ನೆಲಕ್ಕೆ ಕೂರದೆ ರನ್‌ವೇ ಮೇಲೆ ತೇಲುತ್ತ ಹೋಗುವುದರ ಕಾರಣವನ್ನೂ ಬರೆಯಿರಿ. 65ರ ಬದಲು 75 ನಾಟ್‌ನಲ್ಲಿ ಬಂದರೆ ಚಲನಶಕ್ತಿ ಮೂರನೇ ಒಂದು ಭಾಗ ಹೆಚ್ಚಿರುತ್ತದೆ. ಜತೆಗೆ ನೆಲದಿಂದ ರೆಕ್ಕೆಯಗಲದಷ್ಟು ಎತ್ತರದೊಳಗೆ, ಅಂದರೆ ಸೆಸ್ನಾಗೆ 36 ಅಡಿಯೊಳಗೆ, ಗಾಳಿಯ ಎಳೆತ ಕಡಿಮೆಯಾಗಿ ವೇಗ ಬೇಗ ಇಳಿಯುವುದಿಲ್ಲ.

ಬಲೂನ್‌ಗೆ ‘ಉಬ್ಬೇಳು’, ಬೌನ್ಸ್‌ಗೆ ‘ಪುಟಿ’ ಎನ್ನಬಹುದು. ಎರಡನ್ನೂ ಬೆರೆಸಬೇಡಿ: ಉಬ್ಬೇಳುವುದು ನೆಲ ಮುಟ್ಟುವ ಮೊದಲು, ಪುಟಿಯುವುದು ಮುಟ್ಟಿದ ಮೇಲೆ. ಎರಡರಲ್ಲೂ ಮೂತಿಯನ್ನು ಕೆಳಕ್ಕೆ ತಳ್ಳಿದರೆ ಮುಂದಿನ ಚಕ್ರ ಮೊದಲು ಬಡಿದು ಕುಪ್ಪಳಿಸುವಿಕೆ ಜೋರಾಗುತ್ತದೆ. ಸ್ವಲ್ಪವೇ ಎದ್ದಿದ್ದರೆ ಮೂತಿಯನ್ನು ಇದ್ದಲ್ಲೇ ಹಿಡಿದು ತುಸು ಪವರ್ ಕೊಡಬೇಕು. ಹೆಚ್ಚು ಎದ್ದಿದ್ದರೆ ಪೂರ್ತಿ ಥ್ರಾಟಲ್, ಫ್ಲ್ಯಾಪ್ 20 ಡಿಗ್ರಿಗೆ, 60 ನಾಟ್ ಹಿಡಿದು ಮೇಲೇರುವುದೇ ಕ್ಷೇಮ.

ಆಟಕ್ಕೇ ಸೇರಿದ ಎರಡು ತೊಂದರೆಗಳಿಗೂ ಕೈಪಿಡಿಯಲ್ಲಿ ಜಾಗ ಕೊಡಿ. ಒಂದೇ ಪರದೆಯಲ್ಲಿ ಕಣ್ಣಂಚಿನ ನೋಟ ಸಿಗದ ಕಾರಣ ಎತ್ತರ ಅಂದಾಜಾಗುವುದಿಲ್ಲ. ಎಂಜಿನ್ ಮುಚ್ಚಳದ ಮೇಲಿಂದ ರನ್‌ವೇ ಚೆನ್ನಾಗಿ ಕಾಣುವಷ್ಟು ಕ್ಯಾಮೆರಾ ಏರಿಸಿಕೊಳ್ಳಬೇಕು. ಇನ್ನು, ಜಾಯ್‌ಸ್ಟಿಕ್ ಚಲಿಸುವ ದೂರ ನಿಜ ವಿಮಾನದ ಯೋಕ್‌ಗಿಂತ (ಚಾಲಕನ ಕೈಹಿಡಿ) ತೀರಾ ಕಡಿಮೆ, ಅದಕ್ಕೇ ಅತಿಯಾಗಿ ಎಳೆದುಬಿಡುತ್ತೇವೆ. ಸೆಟ್ಟಿಂಗ್‌ನಲ್ಲಿ ಸೆನ್ಸಿಟಿವಿಟಿ ಗೆರೆಯ ನಡುಭಾಗವನ್ನು ಚಪ್ಪಟೆ ಮಾಡಿದರೆ ಕೈ ಹಿಡಿತಕ್ಕೆ ಬರುತ್ತದೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ; ಅಲ್ಲಿ ಗಾಳಿ ತೆಳು, ಹಾಗಾಗಿ ವೇಗದ ಮೀಟರ್ 65 ತೋರಿಸುವಾಗ ನಿಜವೇಗ 69ರ ಆಸುಪಾಸು. ನೆಲ ಬೇಗ ಓಡುತ್ತಿದೆ ಅನ್ನಿಸಿದರೂ ನಂಬಬೇಕಾದ್ದು ಮೀಟರನ್ನೇ.

ಉತ್ತರ 2:

‘ಹಿಡಿದಿಳಿಸು’ ಸೊಗಸಾಗಿದೆ, ಆದರೆ ಸಣ್ಣ ವಿಮಾನಕ್ಕೆ ಮಾತ್ರ. ಸೆಸ್ನಾದಲ್ಲಿ ಫ್ಲೇರ್ ಎನ್ನುವುದು ಎರಡು ಕೆಲಸ: ಮೊದಲು ಇಳಿತ ತಗ್ಗಿಸುವುದು, ಆಮೇಲೆ ವೇಗ ಕರಗುವವರೆಗೆ ನೆಲಕ್ಕೆ ತಾಗದಂತೆ ಹಿಡಿದಿಡುವುದು. ದೊಡ್ಡ ಪ್ರಯಾಣಿಕ ಜೆಟ್ ಏರ್‌ಬಸ್ ಎ320ಯಲ್ಲಿ ಮೊದಲನೆಯದಷ್ಟೇ ಉಂಟು. ಅದು 135 ನಾಟ್ ಆಸುಪಾಸಿನಲ್ಲಿ, ನಿಮಿಷಕ್ಕೆ 700 ಅಡಿಯಂತೆ ಇಳಿದು ಬರುತ್ತದೆ. ಸುಮಾರು 30 ಅಡಿಯಲ್ಲಿ ಮೂತಿಯನ್ನು ಎರಡು ಮೂರು ಡಿಗ್ರಿ ಏರಿಸಿ, 20 ಅಡಿಯಲ್ಲಿ ‘ರಿಟಾರ್ಡ್’ (ಬಲ ತಗ್ಗಿಸು) ಎಂಬ ದನಿ ವಿಮಾನದಿಂದಲೇ ಬರುವ ಹೊತ್ತಿಗೆ ಥ್ರಸ್ಟ್ ಲಿವರ್‌ಗಳನ್ನು (ಎಂಜಿನ್ ಬಲದ ಹಿಡಿಗಳು) ಐಡಲ್‌ಗೆ, ಅಂದರೆ ಕನಿಷ್ಠ ಬಲಕ್ಕೆ, ತಂದು ಚಕ್ರ ಊರಬೇಕು. ಇಲ್ಲಿ ಹಿಡಿದಿಡಲು ಹೋದರೆ ರನ್‌ವೇ ನೂರಾರು ಮೀಟರ್ ಹಿಂದೆ ಸರಿಯುತ್ತದೆ, ಬಾಲ ನೆಲಕ್ಕೆ ಬಡಿಯುವ ಅಪಾಯವೂ ಇದೆ. 2,450 ಮೀಟರ್ ಉದ್ದದ, ಗುಡ್ಡದ ನೆತ್ತಿಯ ಮೇಲಿನ ಮಂಗಳೂರು ರನ್‌ವೇಯಲ್ಲಿ ಅಷ್ಟು ದೂರ ಕಳೆದುಕೊಳ್ಳುವ ಹಾಗಿಲ್ಲ.

ಆದ್ದರಿಂದ ಹೆಸರಿಗೆ ‘ಫ್ಲೇರ್’ ಎಂದೇ ಉಳಿಸಿ. ಕ್ರಿಯೆ ಹೇಳುವಾಗ ‘ಇಳಿತ ತಗ್ಗಿಸು’, ‘ಹಿಡಿದಿಡು’ ಎಂದು ಬಿಡಿಸಿ ಬರೆಯಿರಿ. ಅಧ್ಯಾಯದಲ್ಲಿ ‘ನಯವಾದ ಇಳಿಕೆ’ ಎಂದಿದ್ದರೆ ‘ಹದವಾದ ಇಳಿಕೆ’ ಎಂದು ತಿದ್ದುವುದು ಒಳಿತು. ಒದ್ದೆ ರನ್‌ವೇಯಲ್ಲಿ ಚಕ್ರ ನೀರಿನ ಪದರದ ಮೇಲೆ ಜಾರದಂತೆ ಬೇಕೆಂದೇ ತುಸು ಗಟ್ಟಿಯಾಗಿ ಊರುತ್ತಾರೆ. ಭಾರ ಚಕ್ರಕ್ಕೆ ಬಿದ್ದರೇನೇ ರೆಕ್ಕೆಯ ಮೇಲಿನ ಸ್ಪಾಯ್ಲರ್‌ಗಳು (ಎತ್ತುವ ಬಲ ತಗ್ಗಿಸುವ ಹಲಗೆಗಳು) ಪೂರ್ತಿ ಏಳುವುದು, ಬ್ರೇಕ್ ಹಿಡಿಯುವುದು.