ಪದಚರ್ಚೆ: ‘ಭಾಗವಹಿಸುವಿಕೆ’ಗೆ ಬದಲಿ ಬೇಕು, ನಾಳೆ ಸಂಜೆಯೊಳಗೆ

ಮಾನ್ಯರೇ,

ಕೆರೆ, ಗೋಮಾಳ ಮತ್ತು ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟಗಳ ಬಳಕೆಯ ಬಗ್ಗೆ ಊರಿನ ಎಳೆಯರ ಅಭಿಪ್ರಾಯ ಕೇಳಲು ನಮ್ಮ ಪಂಚಾಯತಿಯಲ್ಲಿ ಬರುವ ಭಾನುವಾರ ಸಭೆ ಸೇರಲಿದೆ. ಕೈಗೆ ಬಂದ ಇಂಗ್ಲಿಷ್ ಟಿಪ್ಪಣಿಯಲ್ಲಿ ‘ಯೂತ್ ಪಾರ್ಟಿಸಿಪೇಶನ್ ಇನ್ ಪಾಲಿಸಿ ಮೇಕಿಂಗ್’ ಎಂದಿದ್ದುದನ್ನು ನಾನು ‘ನೀತಿ ನಿರೂಪಣೆಯಲ್ಲಿ ಯುವಜನರ ಭಾಗವಹಿಸುವಿಕೆ’ ಎಂದು ಮಾಡಿದೆ. ಅದನ್ನು ಓದಿದ ಹಾಲಿನ ಡೇರಿಯವರು, ‘ಹುಡುಗರಿಗೆ ನೀತಿ ಹೇಳುವುದಕ್ಕೆ ಯಾವ ಸ್ವಾಮಿಗಳು ಬರುತ್ತಾರೆ?’ ಎಂದು ಕೇಳಿದರು. ‘ಭಾಗವಹಿಸುವಿಕೆ’ಯಂತೂ ಓಟದ ಪಂದ್ಯದಲ್ಲಿ ಸೋತವರಿಗೆ ಕೊಡುವ ಪ್ರಮಾಣಪತ್ರದ ಮಾತಿನಂತಿದೆ. ಫ್ಲೆಕ್ಸ್ 2016ರಿಂದ ರಾಜ್ಯದಲ್ಲಿ ನಿಷಿದ್ಧವಾದ್ದರಿಂದ ಬಟ್ಟೆಯ ಮೇಲೆ ಬರೆಸುತ್ತಿದ್ದೇವೆ. ಪೇಂಟರು ನಾಳೆ ಸಂಜೆ ಕುಂಚ ಹಿಡಿಯುತ್ತಾರೆ. ದಯವಿಟ್ಟು ತಿಳಿಸಿ.

— ಶಿರಸಿಯಿಂದ

*

‘ನೀತಿ’ ಬಂದಿರುವುದು ‘ನೀ’ ಧಾತುವಿನಿಂದ. ನಯ, ನಾಯಕ, ನೇತಾರ, ವಿನಯ ಇವೆಲ್ಲ ಅದರ ಒಡಹುಟ್ಟುಗಳು. ಕೊಂಡೊಯ್ಯುವುದು, ನಡೆಸುವುದು ಎಂಬುದೇ ಅಲ್ಲಿಯ ಮೂಲಾರ್ಥ. ಡೇರಿಯವರಿಗೆ ನೀತಿಕತೆ ನೆನಪಾಗಿ ದಂಡನೀತಿ, ರಾಜನೀತಿಗಳು ನೆನಪಾಗದಿದ್ದರೆ ಅದು ಪದದ ದೋಷವಲ್ಲ. ‘ಭಾಗವಹಿಸುವಿಕೆ’ಗೆ ಬದಲಾಗಿ ‘ಸಹಭಾಗಿತ್ವ’ ಎಂಬುದು ಸರ್ಕಾರಿ ಕಾಗದಗಳಲ್ಲಿ ರೂಢವಾಗಿದೆ. ಇದರಲ್ಲಿ ಚರ್ಚಿಸುವಂಥದ್ದೇನೂ ಇಲ್ಲ.

— ಧಾರವಾಡದಿಂದ

*

ಚರ್ಚಿಸುವಂಥದ್ದು ಇದೆ. ‘ಭಾಗಿ’ ಎಂದಮೇಲೆ ಇನ್ನೊಬ್ಬರು ಇದ್ದೇ ಇರುವಾಗ ‘ಸಹ’ ಯಾರಿಗಾಗಿ? ಕನ್ನಡದ್ದೇ ಆದ ‘ಪಾಲ್ಗೊಳ್ಳು’ ಮನೆಯಲ್ಲಿದೆ. ಪಾಲ್ ಮತ್ತು ಕೊಳ್ ಸೇರಿ ಕಕಾರಕ್ಕೆ ಗಕಾರ ಬಂದ ಈ ಪದದಲ್ಲಿ, ತನ್ನ ಪಾಲನ್ನು ತಾನು ತೆಗೆದುಕೊಳ್ಳುವುದು ಎಂಬ ಅರ್ಥ ಕಣ್ಣಿಗೇ ಕಾಣುತ್ತದೆ. ಕುಡಿಯುವ ‘ಪಾಲ್’ ಹಾಲಾಯಿತು, ಹಂಚಿಕೊಳ್ಳುವ ಪಾಲು ಪಾಲಾಗಿಯೇ ಉಳಿಯಿತು; ತೆಲುಗಿನಲ್ಲಾದರೆ ಇಂದಿಗೂ ಎರಡೂ ‘ಪಾಲು’. ಯಾರಾದರೂ ‘ಪಾಲುದಾರಿಕೆ’ಯನ್ನು ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಕನ್ನಡದ ಪಾಲಿಗೆ ಪಾರಸಿಯ ‘ದಾರ’ ಪೋಣಿಸಬೇಕಾಗಿಲ್ಲ.

— ಮೈಸೂರಿನಿಂದ

*

ಮೈಸೂರಿನವರು ಆ ದಾರವನ್ನು ಕಿತ್ತರೆ ಗುತ್ತಿಗೆದಾರ, ಹಕ್ಕುದಾರರ ಜೊತೆಗೆ ಮತದಾರನೂ ಉದುರಿಹೋಗುತ್ತಾನೆ. ಅರ್ಜಿ, ದಾಖಲೆ, ಜಮೀನು, ಠರಾವು ಎಲ್ಲವನ್ನೂ ಹೊರಗೆ ಹಾಕಿದ ಮೇಲೆ ಪಂಚಾಯತಿ ಕಟ್ಟೆಯಲ್ಲಿ ಕುರ್ಚಿಯೊಂದು ಉಳಿಯಬಹುದೆಂದುಕೊಂಡರೆ, ಕುರ್ಚಿಯೂ ಅರಬ್ಬಿಯದೇ.

ಮತದಾರನ ಮಾತು ಬಂದದ್ದು ಒಳ್ಳೆಯದಾಯಿತು. ಸಂವಿಧಾನದ 243ನೇ ವಿಧಿಯ ಪ್ರಕಾರ ಗ್ರಾಮಸಭೆಯೆಂದರೆ ಮತದಾರರ ಪಟ್ಟಿಯಲ್ಲಿ ಹೆಸರಿರುವವರ ಸಭೆ. ಮತದಾನದ ವಯಸ್ಸು 1989ರಲ್ಲಿ 21ರಿಂದ 18ಕ್ಕೆ ಇಳಿಯಿತಾದರೂ ಪಂಚಾಯತಿ ಚುನಾವಣೆಗೆ ನಿಲ್ಲಲು ಇಂದಿಗೂ 21 ತುಂಬಿರಬೇಕು. 2014ರ ರಾಷ್ಟ್ರೀಯ ಯುವ ನೀತಿಯೋ 15ರಿಂದ 29ರವರೆಗಿನವರನ್ನು ಯುವಜನರೆನ್ನುತ್ತದೆ. ಹಾಗಾದರೆ 15ರಿಂದ 17ರವರು ಭಾನುವಾರದ ಸಭೆಯಲ್ಲಿ ಏನಾಗುತ್ತಾರೆ? ಕೇಳುಗರಾದರೆ ‘ಭಾಗವಹಿಸುವಿಕೆ’ಯೇ ಪ್ರಾಮಾಣಿಕವಾದ ಪದ. ಅವರ ಮಾತು ತೀರ್ಮಾನವನ್ನು ಬದಲಿಸಬಲ್ಲುದಾದರೆ ಮಾತ್ರ ‘ಪಾಲು’ ಎನ್ನಿ. ಧಾತುವನ್ನು ಆಮೇಲೆ ಅಗೆಯೋಣ.

— ಕಲಬುರಗಿಯಿಂದ

*

ಮಾನ್ಯರೇ,

ಕಲಬುರಗಿಯವರ ಪ್ರಶ್ನೆ ನನ್ನನ್ನು ಚುಚ್ಚಿತು. ನಮ್ಮ ರಾಜ್ಯದಲ್ಲಿ 2006ರಿಂದ ಮಕ್ಕಳ ಗ್ರಾಮಸಭೆ ನಡೆಯುತ್ತಿದೆ. ಅದಕ್ಕೂ ಮೊದಲು, 1990ರ ದಶಕದಲ್ಲೇ, ಕುಂದಾಪುರದ ಕಡೆ ದುಡಿಯುವ ಮಕ್ಕಳ ಭೀಮ ಸಂಘದವರು ಮಕ್ಕಳ ಪಂಚಾಯತಿ ಕಟ್ಟಿದ್ದರು. ನಾನು ಕುಳಿತಿದ್ದ ಒಂದು ಮಕ್ಕಳ ಗ್ರಾಮಸಭೆಯಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದುನಿಂತು, ಅಡಿಕೆ ಮರ ಅಡ್ಡ ಹಾಕಿದ ಕಾಲುಸಂಕ ಮಳೆಗಾಲದಲ್ಲಿ ಜಾರುತ್ತದೆಂದೂ, ಹಳ್ಳದ ಮೇಲ್ಗಡೆ ಬೆಟ್ಟ ಬೋಳಾದ ಮೇಲೆ ನೀರು ಒಮ್ಮೆಗೇ ನುಗ್ಗುತ್ತದೆಂದೂ ಎಣಿಸಿಟ್ಟ ಹಾಗೆ ಹೇಳಿದಳು. ಸಂಕ ಮತ್ತು ಬೆಟ್ಟ ಒಂದೇ ವಿಷಯವೆಂಬುದು ದೊಡ್ಡವರಾದ ನಮಗೆ ಹೊಳೆದಿರಲಿಲ್ಲ. ನಡಾವಳಿ ಪುಸ್ತಕದಲ್ಲಿ ಮಾತ್ರ ‘ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು’ ಎಂಬ ಒಂದೇ ಸಾಲಿತ್ತು.

ಆದ್ದರಿಂದ ಆ ಪದವನ್ನು ಬಿಟ್ಟೆ. ‘ಪಾಲ್ಗೊಳ್ಳುವಿಕೆ’ಯ ಮೇಲೆ ಮನಸ್ಸಿದ್ದರೂ ‘ವಿಕೆ’ಯ ಬಾಲ ಬಟ್ಟೆಯ ಮೇಲೆ ಬಹಳ ಉದ್ದವಾಗುತ್ತದೆ, ‘ನೀತಿ’ಯನ್ನು ಧಾರವಾಡದವರ ಕ್ಷಮೆ ಕೋರಿ ಕೈಬಿಟ್ಟಿದ್ದೇನೆ. ‘ಕೆರೆ, ಗೋಮಾಳ, ಬೆಟ್ಟ: ಊರಿನ ತೀರ್ಮಾನದಲ್ಲಿ ಎಳೆಯರಿಗೂ ಪಾಲು’ ಎಂದು ಬರೆಸುತ್ತಿದ್ದೇನೆ. ಸಭೆ ಎತ್ತಿಕೊಂಡ ವಿಷಯಗಳು ಮುಂದಿನ ಗ್ರಾಮಸಭೆಯ ನಡಾವಳಿಯಲ್ಲಿ ಒಂದೊಂದಾಗಿ ದಾಖಲಾಗಬೇಕೆಂದು ಅರ್ಜಿಯನ್ನೂ ಕೊಟ್ಟಿದ್ದೇನೆ. ‘ಅರ್ಜಿ’ಗೆ ಮೈಸೂರಿನವರ ಆಕ್ಷೇಪವಿದ್ದರೆ ಸೋಮವಾರ ಉತ್ತರಿಸುತ್ತೇನೆ. ‘ಪಾಲು’ ಒಂದನ್ನು ಕೆಂಪಿನಲ್ಲಿ ಬರೆಯಲೇ ಎಂದು ಪೇಂಟರು ಕೇಳಿದರು, ಬರೆಯಿರಿ ಎಂದೆ.

— ಶಿರಸಿಯಿಂದ