ಮಕ್ಕಳು ಸರಿಯಾಗಿ ಹಲ್ಲುಜ್ಜಲು ಆ್ಯಪ್, ಸ್ಮಾರ್ಟ್ ಬ್ರಷ್ ನಿಜಕ್ಕೂ ನೆರವಾಗುತ್ತವೆಯೇ?

ಪ್ರಶ್ನೆ: ಹೊಂಗೆನೆರಳು

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಆರು ವರ್ಷ ತುಂಬಿದೆ. ಹಲ್ಲುಜ್ಜಲು ಹೇಳಿದರೆ ಮುಂದಿನ ನಾಲ್ಕು ಹಲ್ಲುಗಳ ಮೇಲೆ ಬ್ರಷ್ ಆಡಿಸಿ, ನೊರೆ ಬಂದ ಕೂಡಲೇ ಉಗುಳಿ ಓಡಿಬಿಡುತ್ತಾನೆ. ಈಚೆಗೆ ಫೋನಿನಲ್ಲಿ ಹಲ್ಲುಜ್ಜುವ ಆಟದ ಆ್ಯಪ್ ಒಂದನ್ನು ಹಾಕಿಕೊಟ್ಟ ಮೇಲೆ ಎರಡು ನಿಮಿಷ ಪೂರ್ತಿ ನಿಲ್ಲುತ್ತಾನೆ, ಅದರಲ್ಲಿ ಸಂಶಯವಿಲ್ಲ. ಆದರೆ ಕಣ್ಣೆಲ್ಲ ಪರದೆಯ ಮೇಲಿದ್ದು, ಬ್ರಷ್ ಒಂದೇ ಕೆನ್ನೆಯೊಳಗೆ ಉಳಿದುಬಿಡುತ್ತದೆ. ಆಟ ಮಾತ್ರ ಪ್ರತಿ ರಾತ್ರಿಯೂ ಅವನನ್ನು ಗೆಲ್ಲಿಸುತ್ತದೆ. ಬ್ರಷ್‌ನ ಚಲನೆಯನ್ನೇ ಗುರುತಿಸಿ ಬ್ಲೂಟೂತ್ ಮೂಲಕ ಫೋನಿಗೆ ತಿಳಿಸುವ ಸ್ಮಾರ್ಟ್ ಬ್ರಷ್ ಕೊಂಡರೆ ಈ ಕೊರತೆ ನೀಗುತ್ತದೆಯೇ? ಬಳಸಿದವರು, ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ದಂತವೈದ್ಯೆ_ಮಕ್ಕಳವಿಭಾಗ

ದಿನಕ್ಕೆ 2 ಬಾರಿ, ಪ್ರತಿ ಬಾರಿ 2 ನಿಮಿಷ, ಫ್ಲೋರೈಡ್ ಇರುವ ಪೇಸ್ಟ್‌ನಿಂದ, ಎಲ್ಲ ಹಲ್ಲುಗಳ ಎಲ್ಲ ಮೈಗಳನ್ನೂ ಉಜ್ಜಬೇಕು ಎಂಬ ಸಲಹೆಯಲ್ಲಿ ಯಂತ್ರಕ್ಕೆ ತೀರ ಸುಲಭವಾದ ಭಾಗ ನಿಮಿಷವನ್ನು ಅಳೆಯುವುದು. ಕಷ್ಟವಾದದ್ದು "ಎಲ್ಲ ಮೈಗಳು" ಎಂಬ ಭಾಗ, ಮತ್ತು ಹುಳುಕು ಹುಟ್ಟುವುದು ಅಲ್ಲಿಯೇ. ಹಲ್ಲಿಗೆ ಅಂಟಿದ ತೆಳುವಾದ ಜಿಗುಟು ಪದರವಾದ ಪ್ಲಾಕ್‌ನಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಅಲ್ಲಿನ ಪಿಎಚ್ (ಆಮ್ಲೀಯತೆಯ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದಾಗ ಹಲ್ಲಿನ ಹೊರಕವಚವಾದ ಎನಾಮೆಲ್‌ನಿಂದ ಖನಿಜಾಂಶ ಕರಗತೊಡಗುತ್ತದೆ. ಹೀಗಾಗಿ ಒಂದೇ ಕಡೆ ಎರಡು ನಿಮಿಷ ಉಜ್ಜಿದ ಮಗುವಿನ ಬಾಯಿಯ ಉಳಿದ ಭಾಗಗಳು ಉಜ್ಜದೇ ಇದ್ದಂತೆಯೇ.

ನೀವು ದುಬಾರಿ ಬ್ರಷ್ ಕೊಳ್ಳುವ ಮೊದಲು ಪ್ಲಾಕ್ ತೋರಿಸುವ ಬಣ್ಣದ ಮಾತ್ರೆಗಳನ್ನು ಪ್ರಯತ್ನಿಸಬೇಕೆಂದು ನನ್ನ ಸಲಹೆ. ಮಗು ತನಗೆ ತೋಚಿದಂತೆ ಉಜ್ಜಿದ ನಂತರ ಮಾತ್ರೆಯನ್ನು ಅಗಿದು, ಬಾಯೊಳಗೆಲ್ಲ ಆಡಿಸಿ ಉಗುಳಿದರೆ, ಪ್ಲಾಕ್ ಉಳಿದ ಜಾಗಗಳು ಮಾತ್ರ ಬಣ್ಣ ಹಿಡಿದು ಕನ್ನಡಿಯಲ್ಲಿ ಕಾಣುತ್ತವೆ. ಎರಡು ಬಣ್ಣ ತೋರುವ ಬಗೆಯೂ ಇದೆ: ಹೊಸ ಪ್ಲಾಕ್ ಗುಲಾಬಿಯಾಗಿಯೂ ಹಳೆಯದು ನೀಲಿ ಅಥವಾ ನೇರಳೆಯಾಗಿಯೂ ಕಾಣುತ್ತದೆ. ವಾರಕ್ಕೊಮ್ಮೆ ಮಾಡಿದರೆ ಸಾಕು. ಚೆನ್ನಾಗಿ ಉಗುಳಲು ಬರುವ ಮಕ್ಕಳಿಗೆ ಮಾತ್ರ ಕೊಡಿ. ಬಣ್ಣದ ಅಲರ್ಜಿ ಇರುವ ಮಕ್ಕಳಿಗೆ ಬೇಡ. ಮತ್ತು ಅಂದು ಹಳೆಯ ಅಂಗಿ ತೊಡಿಸಿ, ಬಟ್ಟೆಗೆ ಹತ್ತಿದ ಕಲೆ ಸುಲಭವಾಗಿ ಹೋಗುವುದಿಲ್ಲ.

ಮೋಟಾರು ಇರುವ ಬ್ರಷ್‌ಗಳ ಬಗ್ಗೆ ಒಂದು ಮಾತು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2014ರ ಪರಾಮರ್ಶೆಯು 56 ಪ್ರಯೋಗಗಳನ್ನು ಒಟ್ಟಾಗಿ ನೋಡಿ, ಸಾಮಾನ್ಯ ಬ್ರಷ್‌ಗೆ ಹೋಲಿಸಿದರೆ ವಿದ್ಯುತ್ ಬ್ರಷ್‌ನಿಂದ ಪ್ಲಾಕ್ ಮೊದಲ 1ರಿಂದ 3 ತಿಂಗಳಲ್ಲಿ 11%, ಆನಂತರ 21% ಕಡಿಮೆಯಾಗುತ್ತದೆ ಎಂದಿತು. ಆದರೆ ಅದು ಮೋಟಾರಿನ ಗುಣವೇ ಹೊರತು ಬ್ಲೂಟೂತ್‌ನದಲ್ಲ. ಜಾಹೀರಾತುಗಳು ಈ ಎರಡನ್ನೂ ಬೆರೆಸಿ ಹೇಳುವುದುಂಟು.

ಉತ್ತರ: ಸಂವೇದಕ

ಚಲನೆ ಅಳೆಯುವ ಸೆನ್ಸರ್‌ಗಳೊಂದಿಗೆ ದಿನವೂ ಕೆಲಸ ಮಾಡುವವನಾಗಿ, ಅವು ಎಲ್ಲಿ ಎಡವುತ್ತವೆ ಎಂಬುದನ್ನು ಹೇಳಬಲ್ಲೆ. ಇಂತಹ ಬ್ರಷ್‌ನ ಹಿಡಿಯೊಳಗೆ ವೇಗದ ಬದಲಾವಣೆಯನ್ನು ಅಳೆಯುವ ಆಕ್ಸಿಲರೋಮೀಟರ್ ಮತ್ತು ತಿರುಗುವಿಕೆಯನ್ನು ಅಳೆಯುವ ಜೈರೋಸ್ಕೋಪ್ ಇರುತ್ತವೆ. ಗುರುತ್ವದ ದಿಕ್ಕು ತಿಳಿಯುವುದರಿಂದ ಬ್ರಷ್‌ನ ಎಳೆಗಳು ಮೇಲಕ್ಕೆ ನೋಡುತ್ತಿವೆಯೋ ಕೆಳಕ್ಕೋ, ಅಂದರೆ ಮೇಲಿನ ಸಾಲೋ ಕೆಳಗಿನದೋ ಎಂಬುದನ್ನು ಅದು ಸಾಕಷ್ಟು ಚೆನ್ನಾಗಿ ಊಹಿಸುತ್ತದೆ. ಎಡ ಬಲಗಳ ವಿಚಾರ ಹಾಗಲ್ಲ. ಸೆನ್ಸರ್ ಇರುವುದು ಬ್ರಷ್‌ನಲ್ಲಿ, ತಲೆಯಲ್ಲಿ ಅಲ್ಲ. ಮಗು ಕನ್ನಡಿಯಿಂದ ಬಾಗಿಲ ಕಡೆಗೆ ತಿರುಗಿದರೆ ತಿರುಗಿದ್ದು ಮಗುವೋ ಬ್ರಷ್ಷೋ ಎಂದು ಹಿಡಿಯೊಳಗಿನ ಲೆಕ್ಕಕ್ಕೆ ಸುಲಭವಾಗಿ ತಿಳಿಯದು. ದೊಡ್ಡವರು ಬಹುಪಾಲು ನೇರವಾಗಿ ನಿಂತು ಉಜ್ಜುತ್ತಾರೆ. ಆರು ವರ್ಷದ ಹುಡುಗ ನಿಲ್ಲುವ ಬಗೆ ನಿಮಗೇ ಗೊತ್ತು.

ಕ್ಯಾಮೆರಾ ಬಳಸುವ ಆ್ಯಪ್‌ಗಳ ಮಿತಿ ಬೇರೆ. 2020ರ ಜೂನ್‌ನಲ್ಲಿ ಬಂದ ಪೋಕೆಮಾನ್ ಸ್ಮೈಲ್ ಈ ಬಗೆಯದು. ಕ್ಯಾಮೆರಾ ಮುಖವನ್ನೂ ಕೈಯನ್ನೂ ಬ್ರಷ್‌ನ ಹಿಡಿಯನ್ನೂ ನೋಡಬಲ್ಲದು. ಕೆನ್ನೆಯ ಹಿಂದಿರುವ ಎಳೆಗಳು ಅದಕ್ಕೆ ಕಾಣುವುದಿಲ್ಲ. ಯಾವುದೇ ಆ್ಯಪ್ ಆಗಲಿ, ಬಚ್ಚಲುಮನೆಯಲ್ಲಿ ಕ್ಯಾಮೆರಾ ತೆರೆಯುವುದರಿಂದ ಚಿತ್ರಗಳು ಫೋನಿನಲ್ಲೇ ಉಳಿಯುತ್ತವೆಯೇ, ಖಾತೆಗೆ ಮಗುವಿನ ಹೆಸರು, ಜನ್ಮದಿನ ಕೊಡಲೇಬೇಕೇ ಎಂಬುದನ್ನು ಮೊದಲೇ ನೋಡಿಕೊಳ್ಳಿ.

ಸ್ಮಾರ್ಟ್ ಬ್ರಷ್‌ನಲ್ಲಿ ನಾನು ಮನಸಾರೆ ಮೆಚ್ಚುವುದು ಒತ್ತಡದ ಸೆನ್ಸರ್ ಒಂದನ್ನೇ. ತುಂಬ ಒತ್ತಿ ಉಜ್ಜಿದರೆ ದೀಪ ಹೊತ್ತುತ್ತದೆ ಅಥವಾ ಮೋಟಾರು ನಿಧಾನವಾಗುತ್ತದೆ. ಅದಕ್ಕೆ ಫೋನ್ ಬೇಕಾಗಿಲ್ಲ.

ಹೊಂಗೆನೆರಳು

ಇಬ್ಬರಿಗೂ ಧನ್ಯವಾದ. ಇನ್ನೊಂದು ತೊಡಕು ಉಳಿದಿದೆ. ಮೊನ್ನೆ ಫೋನಿನಲ್ಲಿ ಚಾರ್ಜ್ ಇರಲಿಲ್ಲ. "ಅಂಕ ಬರುವುದಿಲ್ಲವಲ್ಲ, ಮತ್ತೇಕೆ ಉಜ್ಜಬೇಕು?" ಎಂದು ಅವನು ಕೇಳಿದ. ಆಟವನ್ನು ಈಗಲೇ ನಿಲ್ಲಿಸಿಬಿಡಬೇಕೇ?

ಉತ್ತರ: ಬಾಲವಾಡಿ_ಶಿಕ್ಷಕ

ಈ ಪ್ರಶ್ನೆಗೆ ಮನಶ್ಶಾಸ್ತ್ರದಲ್ಲಿ ಹಳೆಯ ನಂಟಿದೆ. 1973ರಲ್ಲಿ ಲೆಪರ್, ಗ್ರೀನ್ ಮತ್ತು ನಿಸ್ಬೆಟ್ ಪ್ರಕಟಿಸಿದ ಅಧ್ಯಯನದಲ್ಲಿ, ಚಿತ್ರ ಬಿಡಿಸುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ಮೊದಲೇ ಬಹುಮಾನದ ಮಾತು ಕೊಡಲಾಯಿತು. ಕೆಲ ದಿನಗಳ ಬಳಿಕ ಆ ಮಕ್ಕಳು ಚಿತ್ರದ ಪೆನ್ನುಗಳ ಬಳಿ ಕಳೆದ ಸಮಯ ಇತರರಿಗಿಂತ ಕಡಿಮೆಯಾಗಿತ್ತು. ನಿರೀಕ್ಷೆಯೇ ಇಲ್ಲದೆ ಬಹುಮಾನ ಪಡೆದವರಲ್ಲಿ ಆ ಇಳಿಕೆ ಕಾಣಲಿಲ್ಲ. ಇದನ್ನು ನೆಚ್ಚಿಕೊಂಡು ಅಂಕಗಳೆಲ್ಲ ಕೆಟ್ಟವು ಎನ್ನುವವರನ್ನು ಕಂಡಿದ್ದೇನೆ, ಆದರೆ ಆ ತೀರ್ಮಾನ ಅವಸರದ್ದು. ಚಿತ್ರ ಬಿಡಿಸುವುದು ಮಕ್ಕಳಿಗೆ ಮೊದಲೇ ಪ್ರಿಯ. ಹಲ್ಲುಜ್ಜುವುದು ಯಾವ ಮಗುವಿಗೆ ಪ್ರಿಯ? ಇಲ್ಲದ ಆಸಕ್ತಿಯನ್ನು ಬಹುಮಾನ ಕುಗ್ಗಿಸಲಾರದು. ಆರಂಭಕ್ಕೆ ಆಟ ಇರಲಿ.

ಒಮ್ಮೆಲೇ ನಿಲ್ಲಿಸುವ ಬದಲು ಆಟವನ್ನು ತೆಳುಮಾಡುತ್ತ ಬನ್ನಿ. ಮೊದಲು ಪರದೆಯನ್ನು ತೆಗೆದು ಧ್ವನಿಯನ್ನು ಮಾತ್ರ ಉಳಿಸಿ. ಬ್ರಿಟನ್ನಿನ ದಂತವೈದ್ಯರೊಬ್ಬರು ರೂಪಿಸಿದ ಬ್ರಷ್ ಡಿಜೆ ಎಂಬ ಆ್ಯಪ್ ಮಾಡುವುದೂ ಹೆಚ್ಚುಕಡಿಮೆ ಇಷ್ಟೇ, ಬಳಸುವವರ ಇಷ್ಟದ ಸಂಗೀತವನ್ನು ಎರಡು ನಿಮಿಷ ನುಡಿಸುವುದು. ಕಣ್ಣು ಕನ್ನಡಿಯ ಮೇಲಿರುವುದರಿಂದ ಕೈಯೂ ಬದಿ ಬದಲಿಸಲು ಕಲಿಯುತ್ತದೆ. ಅಂಕವನ್ನು ನಿಮಿಷಕ್ಕೆ ಕೊಡದೆ, ವೈದ್ಯೆ ಹೇಳಿದ ಬಣ್ಣದ ಪರೀಕ್ಷೆಗೆ ಕೊಟ್ಟು ನೋಡಿ. "ಜಾಣ" ಎನ್ನುವುದಕ್ಕಿಂತ "ಹಿಂದಿನ ಹಲ್ಲಿನ ಒಳಬದಿಯಲ್ಲಿ ಈ ಸಲ ಬಣ್ಣವೇ ಇಲ್ಲ" ಎಂಬ ಮಾತು ಹೆಚ್ಚು ಕೆಲಸ ಮಾಡುತ್ತದೆ.

ಉತ್ತರ: ದಂತವೈದ್ಯೆ_ಮಕ್ಕಳವಿಭಾಗ

ಶಿಕ್ಷಕರ ಸಲಹೆ ನನಗೂ ಒಪ್ಪಿಗೆ. ಮಗುವಿನ ವಯಸ್ಸು ನೋಡಿ ಇದನ್ನು ಸೇರಿಸುತ್ತಿದ್ದೇನೆ. ಆರನೆಯ ವರ್ಷದ ಆಸುಪಾಸಿನಲ್ಲಿ ಮೊದಲ ಶಾಶ್ವತ ದವಡೆ ಹಲ್ಲು ಹಾಲುಹಲ್ಲುಗಳ ಹಿಂದೆ ಹುಟ್ಟುತ್ತದೆ. ಯಾವ ಹಾಲುಹಲ್ಲೂ ಬೀಳದೆ ಬರುವುದರಿಂದ ಮನೆಯವರ ಗಮನಕ್ಕೆ ಬೀಳುವುದು ತಡ. ಪೂರ್ತಿ ಮೇಲೇರುವವರೆಗೆ ಅದು ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುವುದರಿಂದ ಬ್ರಷ್ ಅದರ ಮೇಲೆ ಹಾಯದೆ ಹೋಗುತ್ತದೆ. ಬ್ರಷ್ಷನ್ನು ಕೆನ್ನೆಯ ಕಡೆಯಿಂದ ಅಡ್ಡಲಾಗಿ ಒಳಹಾಕಿ ಆ ಹಲ್ಲನ್ನು ಬೇರೆಯಾಗಿಯೇ ಉಜ್ಜಬೇಕು.

ಏಳೆಂಟು ವರ್ಷದವರೆಗೆ ಮಗುವಿನ ಕೈಗೆ ಅಷ್ಟು ನಯ ಬಂದಿರುವುದಿಲ್ಲ. ಅವನು ಆಟ ಮುಗಿಸಲಿ. ಬಳಿಕ ನೀವು ಅವನ ಹಿಂದೆ ನಿಂತು, ತಲೆಯನ್ನು ನಿಮ್ಮ ಮೈಗೆ ಒರಗಿಸಿಕೊಂಡು ಒಂದು ಸುತ್ತು ಉಜ್ಜಿ. ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು, ಫ್ಲೋರೈಡ್ ಕನಿಷ್ಠ 1000 ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ 1000 ಭಾಗ) ಇರಲಿ, ಉಗುಳಿದ ಮೇಲೆ ನೀರಿನಲ್ಲಿ ಮುಕ್ಕಳಿಸುವುದು ಬೇಡ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ, ಬೆಳಗಿನದಕ್ಕಿಂತ ರಾತ್ರಿಯ ಸುತ್ತನ್ನು ತಪ್ಪಿಸದಿರುವುದು ಮುಖ್ಯ.

ಬ್ಲೂಟೂತ್ ಬ್ರಷ್ ಸದ್ಯಕ್ಕೆ ಕೊಳ್ಳಬೇಡಿ ಎಂದೇ ಹೇಳುತ್ತೇನೆ. ಮುಂದೆ ಕೊಳ್ಳುವುದಾದರೆ ತಲೆ ಚಿಕ್ಕದಾಗಿರುವ, ಎಳೆ ಮೃದುವಾಗಿರುವ, ಒತ್ತಡದ ಸೆನ್ಸರ್ ಇರುವ, ಫೋನ್ ಇಲ್ಲದೆಯೂ ಪೂರ್ತಿಯಾಗಿ ಕೆಲಸ ಮಾಡುವ ಬ್ರಷ್ ನೋಡಿ.